ಕೋರಮಂಗಲದಿಂದ ಹೊರಟ ಊಟದ ಪೊಟ್ಟಣ

2014ರ ಆಗಸ್ಟ್, ಬೆಂಗಳೂರಿನ ಕೋರಮಂಗಲ. ಶ್ರೀಹರ್ಷ ಮಜೇಟಿ, ನಂದನ್ ರೆಡ್ಡಿ, ರಾಹುಲ್ ಜೈಮಿನಿ ಊಟ ತಲುಪಿಸುವ ಸ್ವಿಗ್ಗಿ ಶುರು ಮಾಡಿದಾಗ ಜೊತೆಗಿದ್ದದ್ದು ಸುಮಾರು 25 ಹೋಟೆಲ್, ಆರೇ ಮಂದಿ ಡೆಲಿವರಿ ಹುಡುಗರು.

ಆಗಿನ ಹಲವು ಆ್ಯಪ್‌ಗಳು ಆರ್ಡರನ್ನು ಹೋಟೆಲಿಗೆ ಮುಟ್ಟಿಸಿ ಸುಮ್ಮನಾಗುತ್ತಿದ್ದವು. ತಲುಪಿಸೋದು ಹೋಟೆಲಿನವರ ಪಾಡು. ಸ್ವಿಗ್ಗಿಯವರು ತಮ್ಮದೇ ಡೆಲಿವರಿ ಪಡೆ ಕಟ್ಟಿದರು. ನನ್ನ ಪ್ರಕಾರ ಗೆಲುವಿನ ಗುಟ್ಟು ಇದೇ. ಮನೆಗೆ ಕಳಿಸೋಕೆ ಆಳಿಲ್ಲದ ದರ್ಶಿನಿಯ ಮಸಾಲೆ ದೋಸೆಯೂ ಚಟ್ನಿ ಪೊಟ್ಟಣದ ಸಮೇತ ಬಾಗಿಲಿಗೆ ಬಂತು.

2020ರಲ್ಲಿ ದಿನಸಿ ತಲುಪಿಸುವ ಇನ್‌ಸ್ಟಾಮಾರ್ಟ್ ಶುರುವಾಯಿತು, 2024ರ ನವೆಂಬರ್‌ನಲ್ಲಿ ಸ್ವಿಗ್ಗಿ ಷೇರುಪೇಟೆಗೆ ಕಾಲಿಟ್ಟಿತು.

ಇಷ್ಟೆಲ್ಲ ಬೆಳೆದದ್ದು ಮಳೆಯಲ್ಲಿ ನೆನೆಯುತ್ತಾ, ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ನುಸುಳುತ್ತಾ ಬೈಕ್ ಓಡಿಸುವವರ ದುಡಿಮೆಯಿಂದ. ಇವರಂಥ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕರ್ನಾಟಕ 2025ರಲ್ಲಿ ಕಾನೂನು ತಂದಿದೆ. ಮುಂದಿನ ಸಲ ಬೆಲ್ ಆದಾಗ, ‘ನೀರು ಬೇಕಾ ಅಣ್ಣಾ?’ ಅಂತ ಒಂದು ಮಾತು ಕೇಳಿ.