ಈ ಹಳ್ಳೀಲಿ ವೈನ್‌ಗಿಂತ ನೆಲವೇ ದುಬಾರಿ

ಇವತ್ತು ಫ್ರಾನ್ಸ್‌ನ ಬರ್ಗಂಡಿಗೆ ಹೋಗೋಣ. ಹಳ್ಳಿ ಹೆಸರು ಮೊರೆ-ಸೇಂ-ದೆನಿ. ಉತ್ತರಕ್ಕೆ ಜೆವ್ರೆ, ದಕ್ಷಿಣಕ್ಕೆ ಶಾಂಬೊಲ್, ಎರಡೂ ಹೆಸರುವಾಸಿ. ಹಾಗಾಗಿ ಒಂದು ಕಾಲದಲ್ಲಿ ಮೊರೆಯ ಎಷ್ಟೋ ವೈನ್ ಅಕ್ಕಪಕ್ಕದ ಊರಿನ ಹೆಸರಲ್ಲೇ ಮಾರಾಟ ಆಗ್ತಿತ್ತು. ರುಚೀನೂ ಎರಡರ ನಡುವಿನದು ಅಂತಾರೆ: ಜೆವ್ರೆಯ ಗಡಸು, ಶಾಂಬೊಲ್‌ನ ನಯ. ದ್ರಾಕ್ಷಿ ಮಾತ್ರ ಮೂರೂ ಕಡೆ ಬಹುತೇಕ ಒಂದೇ, ಪಿನೋ ನ್ವಾರ್. ಬಳ್ಳಿ ಸುಣ್ಣಕಲ್ಲಿನ ಇಳಿಜಾರಿನಲ್ಲಿ ಎಲ್ಲಿ ನಿಂತಿದೆ ಅನ್ನೋದ್ರ ಮೇಲೆ ದರ್ಜೆ, ದರ ಎರಡೂ ಬದಲಾಗುತ್ತೆ.

ಅಲ್ಲೇ ಇದೆ ಕ್ಲೋ ದ ತಾರ್. ಗೋಡೆ ಸುತ್ತಿದ ತೋಟ, ಸುಮಾರು 7.5 ಹೆಕ್ಟೇರ್, ಅಂದ್ರೆ ಹದಿನೆಂಟೂವರೆ ಎಕರೆ. 1141ರಲ್ಲಿ ಕ್ರೈಸ್ತ ಸನ್ಯಾಸಿನಿಯರು ಕೊಂಡ್ರು. ಫ್ರೆಂಚ್ ಕ್ರಾಂತಿ ಅದನ್ನ ಕಿತ್ತುಕೊಂಡು ಮಾರಿತು. ಆಮೇಲೆ ಎರಡೇ ಕುಟುಂಬ. 2017ರಲ್ಲಿ ಗೂಚಿ ಬ್ರ್ಯಾಂಡ್ ಹಿಂದಿರೋ ಫ್ರಾಂಸ್ವಾ ಪಿನೋ ಕಂಪನಿ ಕೊಂಡಿತು. (ದ್ರಾಕ್ಷಿ ಪಿನೋ ಬೇರೆ, ಈ ಪಿನೋ ಬೇರೆ!) ಪಕ್ಕದ ಕ್ಲೋ ದೆ ಲಾಂಬ್ರೆ ಕ್ರಾಂತಿಯ ನಂತರ 74 ಜನರ ಪಾಲಾಗಿ ಚೂರುಚೂರಾಗಿತ್ತು. ಮತ್ತೆ ಒಂದಾದ ಆ ತೋಟ 2014ರಲ್ಲಿ ಲೂಯಿ ವಿಟಾನ್ ಮಾಲೀಕ ಕಂಪನಿಗೆ ಹೋಯ್ತು.

ಬಿಕಾಂ ಓದಿದ ನನಗೆ ಚುಚ್ಚೋದು ಇಲ್ಲೇ. ನೆಲದ ಬೆಲೆ ಏರಿದ ಹಾಗೆ ಅಪ್ಪನ ತೋಟ ಮಕ್ಕಳ ಹೆಸರಿಗೆ ಬರುವಾಗ ಕಟ್ಟೋ ತೆರಿಗೇನೂ ಏರುತ್ತೆ. ಬಾಟಲಿ ಮಾರಿ ಬರೋ ದುಡ್ಡು ಅದಕ್ಕೆ ಸಾಲಲ್ಲ. ಒಬ್ಬ ಪಾಲುದಾರ "ನನ್ನ ಭಾಗ ಕೊಟ್ಬಿಡಿ" ಅಂದ್ರಂತೂ, ಬಳ್ಳಿ ಕತ್ತರಿಸೋ ಕೈಗಳ ಹತ್ರ ಅಷ್ಟು ಕ್ಯಾಶ್ ಇರಲ್ಲ. ದೊಡ್ಡ ಕಂಪನಿ ಹತ್ರ ಇರುತ್ತೆ.