ತೊಳೆಸದ ರೀಲಿನೊಳಗಿನ ದೇವಾಲಯ

ಶೆಟ್ಟಿಹಳ್ಳಿಯ ರೋಸರಿ ದೇವಾಲಯವನ್ನು ನಮ್ಮ ಮಕ್ಕಳು ಹೇಮಾವತಿಯ ನೀರಿನ ನಡುವಣ ಪಾಳುಗೋಡೆಯಾಗಿ ಮಾತ್ರ ಬಲ್ಲರು. 19ನೆಯ ಶತಮಾನದಲ್ಲಿ ಫ್ರೆಂಚ್ ಮಿಶನರಿಗಳು ಕಟ್ಟಿಸಿದ ಈ ದೇವಾಲಯದಲ್ಲಿ ಪೂಜೆ ಜರುಗಿದ್ದನ್ನು ಕಂಡ ಹಿರಿಯರು ವಿರಳರಾಗುತ್ತಿದ್ದಾರೆ. ಗೊರೂರಿನ ಅಣೆಕಟ್ಟು 1979ರಲ್ಲಿ ಮುಗಿಯುವ ಮುನ್ನ ತೆಗೆದು, ಡೆವಲಪ್ ಮಾಡಿಸದೆ ಉಳಿದ ಸ್ಲೈಡ್ ರೀಲು ಯಾರ ಪೆಟ್ಟಿಗೆಯಲ್ಲಾದರೂ ಇದ್ದರೆ ಅದನ್ನು ಎಸೆಯಬಾರದೆಂಬುದು ನಮ್ಮ ವಿನಂತಿ.

ಮೊದಲು ರೀಲಿನ ಮೇಲಿನ ಬರಹವನ್ನು ಓದಬೇಕು. ಕೊಡಾಕ್ರೋಮ್ ಆಗಿದ್ದರೆ ಬಣ್ಣದ ಆಸೆ ಬಿಡಬೇಕು. ಅದರ ಬಣ್ಣಗಳು ಫಿಲ್ಮಿನಲ್ಲಿರದೆ ತೊಳೆಯುವಾಗ ಸೇರುತ್ತಿದ್ದವು. ಆ ಕೆಲಸ ಮಾಡುತ್ತಿದ್ದ ಕೊನೆಯ ಲ್ಯಾಬ್, ಅಮೆರಿಕದ ಕಾನ್ಸಾಸಿನದು, 2010ರ ಡಿಸೆಂಬರ್ 30ರವರೆಗೆ ಮಾತ್ರ ರೀಲು ಸ್ವೀಕರಿಸಿತು. ಈಗ ಕಪ್ಪು-ಬಿಳುಪಿನಲ್ಲಷ್ಟೇ ಚಿತ್ರ ಪಡೆಯಲು ಪ್ರಯತ್ನಿಸಬಹುದು. ‘ಇ-6’ ಎಂದಿದ್ದರೆ ಇಂದಿಗೂ ಬಣ್ಣದಲ್ಲಿ ತೊಳೆಸಬಹುದು, ಬಣ್ಣ ಮಾಸಿರುವುದು ಸಹಜ.

ಖರ್ಚು ತಗ್ಗಿಸಲು ನಾಲ್ಕಾರು ಕುಟುಂಬಗಳು ರೀಲುಗಳನ್ನು ಒಟ್ಟುಗೂಡಿಸಿ ಒಂದೇ ಪಾರ್ಸೆಲಿನಲ್ಲಿ ಕಳುಹಿಸಲಿ. ಚೌಕಟ್ಟು ಹಾಕದೆ ಫಿಲ್ಮನ್ನು ಮಾತ್ರ ಕೊಡಿರೆಂದು ಕೇಳಲಿ.

ಬೀಜದೊಳಗೆ ಮರವು ಸಾಧ್ಯತೆಯಾಗಿ ಅಡಗಿದೆಯೆಂಬುದು ಅರಿಸ್ಟಾಟಲನ ವಿಚಾರ. ಬೆಳಕು ತಾಕಿದ ಫಿಲ್ಮಿನಲ್ಲಿ ಚಿತ್ರವೂ ಹಾಗೆಯೇ ಅಡಗಿರುತ್ತದೆ. ಆದರೆ ಬೀಜಕ್ಕೂ ಕಾಲಮಿತಿಯುಂಟು. ತಡಮಾಡದಿರೋಣ.