ಹಿತ್ತಲಿಗೆ ಎಂಥ ನೆರಳು ಬೇಕು?

ಮಕ್ಕಳೇ, ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಶಹಾಪುರದ ಕಡೆ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ನಿಮಗೆ ಗೊತ್ತೇ ಇದೆ. ಕರೆಂಟು ಹೋದರೆ ಮನೆಯೊಳಗೆ ಕೂರಲಾಗದು. ಆಗ ಅಜ್ಜಿಗೂ ಎಳೆಯ ಕೂಸಿಗೂ ಹಿತ್ತಲಿನ ನೆರಳೇ ಗತಿ. ಎಮ್ಮೆ, ಆಡುಗಳಿಗಂತೂ ಬೇರೆ ದಾರಿಯೇ ಇಲ್ಲ. ಈ ನೆರಳಿಗೆ ತಗಡು ಹೊದಿಸಬೇಕೆ? ಕಣಿಕೆಯ ಹಂದರ ಹಾಕಬೇಕೆ? ಹಸಿರು ನೆರಳು ಬಲೆ ಕಟ್ಟಬೇಕೆ? ದುಡ್ಡು ಖರ್ಚು ಮಾಡುವ ಮೊದಲು ಸ್ವಲ್ಪ ವಿಜ್ಞಾನ ತಿಳಿಯೋಣ.

ನೆರಳು ಮಾಡುವ ಕೆಲಸವೇನು?

ರೇಡಿಯೋದಲ್ಲಿ ಹೇಳುವ ‘42 ಡಿಗ್ರಿ’ ಎಂಬುದು ನೆರಳಿನಲ್ಲಿ ಅಳೆದ ಗಾಳಿಯ ಉಷ್ಣತೆ. ಅಂದರೆ ನೆರಳು ಗಾಳಿಯನ್ನು ಹೆಚ್ಚು ತಣ್ಣಗೆ ಮಾಡುವುದಿಲ್ಲ. ಸೂರ್ಯನ ವಿಕಿರಣ ನೇರವಾಗಿ ಮೈಮೇಲೆ ಬೀಳದಂತೆ ತಡೆಯುತ್ತದೆ, ಅಷ್ಟೆ.

ಹವಾಮಾನ ಕೇಂದ್ರಗಳಲ್ಲಿ ಥರ್ಮಾಮೀಟರನ್ನು ‘ಸ್ಟೀವನ್‌ಸನ್ ಪೆಟ್ಟಿಗೆ’ಯಲ್ಲಿ ಇಡುತ್ತಾರೆ. ಇದನ್ನು 1864ರಲ್ಲಿ ರೂಪಿಸಿದವರು ಸ್ಕಾಟ್ಲೆಂಡಿನ ಎಂಜಿನಿಯರ್ ಥಾಮಸ್ ಸ್ಟೀವನ್‌ಸನ್. ಈ ಪೆಟ್ಟಿಗೆಗೆ ಬಿಳಿ ಬಣ್ಣ ಬಳಿದಿರುತ್ತದೆ. ಚಾವಣಿ ಎರಡು ಪದರದ್ದು. ಗೋಡೆಗಳಲ್ಲಿ ಓರೆಯಾಗಿ ಕೂರಿಸಿದ ಪಟ್ಟಿಗಳಿದ್ದು, ಅವುಗಳ ನಡುವೆ ಗಾಳಿ ಆಡುತ್ತದೆ, ಬಿಸಿಲು ನುಗ್ಗುವುದಿಲ್ಲ. ಒಳ್ಳೆಯ ನೆರಳಿನ ಮೂರು ಗುಣಗಳೂ ಇಲ್ಲಿವೆ: ಬಿಸಿಲನ್ನು ತಡೆಯಬೇಕು, ತಾನು ಕಾಯಬಾರದು, ಗಾಳಿಗೆ ದಾರಿ ಬಿಡಬೇಕು.

ನೆರಳು ಎಲ್ಲಿ ಬೀಳುತ್ತದೆ?

ಶಹಾಪುರ ಸುಮಾರು 16.7 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಆದ್ದರಿಂದ ಪ್ರತಿ ವರ್ಷ ಮೇ 7ರ ಆಸುಪಾಸಿನಲ್ಲಿ ಮಧ್ಯಾಹ್ನ ಸುಮಾರು 12.20ಕ್ಕೆ ಸೂರ್ಯ ನಮ್ಮ ನೆತ್ತಿಯ ಮೇಲೆ ಬರುತ್ತಾನೆ. ಆಗ ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಹಂದರದ ನೆರಳು ನೇರವಾಗಿ ಅದರ ಬುಡದಲ್ಲೇ ಬೀಳುತ್ತದೆ.

ಆಮೇಲೆ ಸೂರ್ಯ ಪಶ್ಚಿಮಕ್ಕೆ ಇಳಿದಂತೆ ನೆರಳು ಪೂರ್ವಕ್ಕೆ ಸರಿಯುತ್ತದೆ. 8 ಅಡಿ ಎತ್ತರದ ಚಾವಣಿಯ ನೆರಳು 3.20ಕ್ಕೆ ಸುಮಾರು ಏಳೂವರೆ ಅಡಿ, 4.20ಕ್ಕೆ ಸುಮಾರು 12 ಅಡಿ ಸರಿದಿರುತ್ತದೆ. ನಿಮ್ಮ ಹಂದರದ ಅಗಲ 10 ಅಡಿ ಎಂದುಕೊಳ್ಳಿ. ನಾಲ್ಕೂ ಕಾಲಿಗೆ ಹಂದರದ ಕೆಳಗೆ ಚಾವಣಿಯ ನೆರಳು ಚೂರೂ ಉಳಿಯುವುದಿಲ್ಲ! ನೆರಳೆಲ್ಲ ಪಕ್ಕದ ಅಂಗಳದಲ್ಲಿ, ಬಿಸಿಲೆಲ್ಲ ಅಜ್ಜಿಯ ಮಂಚದ ಮೇಲೆ. ಆದ್ದರಿಂದ ಪಶ್ಚಿಮದ ಬದಿಗೆ ತಟ್ಟಿ ಕಟ್ಟಲೇಬೇಕು. ಮನೆಯ ಪೂರ್ವಕ್ಕೆ ಜಾಗವಿದ್ದರೆ ಹಂದರವನ್ನು ಅಲ್ಲೇ ಹಾಕಿ. ಇಳಿಹೊತ್ತಿನ ಬಿಸಿಲನ್ನು ಮನೆಯೇ ತಡೆಯುತ್ತದೆ.

ಯಾವುದರ ಚಾವಣಿ?

ತಗಡು: ಬಾಳಿಕೆ ಬರುತ್ತದೆ, ಮಳೆಗೂ ಆಗುತ್ತದೆ. ಆದರೆ ಲೋಹ ಒಳ್ಳೆಯ ಉಷ್ಣವಾಹಕ. ಮೇಲ್ಭಾಗ ಕಾದರೆ ಕೆಳಭಾಗವೂ ಕೂಡಲೇ ಕಾಯುತ್ತದೆ. ಕಾದ ತಗಡು ಕಣ್ಣಿಗೆ ಕಾಣದ ಅವಗೆಂಪು ಕಿರಣಗಳನ್ನು ಕೆಳಗೆ ಸೂಸುತ್ತದೆ. ನೆರಳಿನಲ್ಲಿದ್ದೂ ತಲೆ ಸುಡುವುದು ಇದರಿಂದಲೇ. ತಗಡನ್ನು ಎತ್ತರದಲ್ಲಿ ಹಾಕಿ, ಮೇಲೆ ಸುಣ್ಣ ಬಳಿದು, ಕೆಳಗೆ ಸ್ವಲ್ಪ ಅಂತರ ಬಿಟ್ಟು ತಟ್ಟಿ ಕಟ್ಟಿದರೆ ಸ್ಟೀವನ್‌ಸನ್ ಪೆಟ್ಟಿಗೆಯಂತೆ ಎರಡು ಪದರವಾಗುತ್ತದೆ. ಬೇಸಿಗೆಯ ಬಿರುಗಾಳಿಗೆ ತಗಡು ಹಾರಿ ಜನರಿಗೆ, ದನಗಳಿಗೆ ಪೆಟ್ಟಾಗಬಹುದು. ಮೇಲೆ ಕಲ್ಲು ಹೇರಿದರೆ ಸಾಲದು, ಬಿಗಿಯಾಗಿ ಬೋಲ್ಟು ಹಾಕಿಸಬೇಕು.

ಕಣಿಕೆ: ಜೋಳದ ದಂಟಿನ ಬೆಂಡಿನಲ್ಲೂ ದಂಟುಗಳ ನಡುವೆಯೂ ಗಾಳಿ ಸಿಕ್ಕಿಕೊಂಡಿರುತ್ತದೆ. ನಿಂತ ಗಾಳಿ ಉಷ್ಣವನ್ನು ಸುಲಭವಾಗಿ ಸಾಗಿಸದು. ದಪ್ಪಗೆ ಹೊದಿಸಿದರೆ ಕೆಳಗೆ ತಂಪು. ಖರ್ಚೂ ಕಡಿಮೆ. ಆದರೆ ಬೆಂಕಿಯ ಭಯವಿದೆ, ಚೇಳು ಸೇರಿಕೊಳ್ಳಬಹುದು. ಒಲೆಯ ಹತ್ತಿರ ಬೇಡ.

ನೆರಳು ಬಲೆ: ಗಾಳಿ ಚೆನ್ನಾಗಿ ಆಡುತ್ತದೆ. ಆದರೆ ‘50 ಪರ್ಸೆಂಟ್’ ಬಲೆ ಅರ್ಧ ಬಿಸಿಲನ್ನು ಒಳಗೆ ಬಿಡುತ್ತದೆ. ಸಸಿಗಳಿಗೆ ಅದು ಸಾಕು, ಮನುಷ್ಯರಿಗೆ ಸಾಲದು. 75 ಅಥವಾ 90 ಪರ್ಸೆಂಟಿನದು ಕೇಳಿ.

ಬಳ್ಳಿ ಮತ್ತು ಮರ: ಎಲೆಗಳು ಬಾಷ್ಪ ವಿಸರ್ಜನೆಯಿಂದ ನೀರನ್ನು ಆವಿಯಾಗಿ ಬಿಡುತ್ತವೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಉಷ್ಣ ಬೇಕು. ಹೀಗಾಗಿ ಎಲೆ ತಗಡಿನಂತೆ ಕಾಯುವುದಿಲ್ಲ. ಜನವರಿಯಲ್ಲಿ ಹೀರೆ ಅಥವಾ ಸೋರೆ ಬೀಜ ಊರಿ, ಅಕ್ಕಿ–ಬೇಳೆ ತೊಳೆದ ನೀರು ಹಾಕಿದರೆ ಬೇಸಿಗೆಗೆ ಬಳ್ಳಿ ಹಬ್ಬುತ್ತದೆ. ಬೇವಿನ ನೆರಳಂತೂ ಎಲ್ಲಕ್ಕಿಂತ ಮೇಲು, ಆದರೆ ಮರ ಬೆಳೆಯಲು ವರ್ಷಗಳು ಬೇಕು.

ನೀವೇ ಮಾಡಿ ನೋಡಿ

1. ಅಂಗಳದಲ್ಲಿ ಒಂದು ಮೀಟರ್ ಉದ್ದದ ಕೋಲು ನೆಡಿ. ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ ಗಂಟೆಗೊಮ್ಮೆ ನೆರಳಿನ ತುದಿಗೆ ಕಲ್ಲಿಡಿ. ನೆರಳು ಯಾವ ಕಡೆಗೆ, ಎಷ್ಟು ಸರಿಯಿತು?

2. ಒಂದೇ ಅಳತೆಯ ತಗಡು ಮತ್ತು ದಪ್ಪ ಕಣಿಕೆ ತಟ್ಟಿಯನ್ನು ಬೇರೆ ಬೇರೆಯಾಗಿ ಇಟ್ಟಿಗೆಗಳ ಮೇಲೆ ಬಿಸಿಲಿನಲ್ಲಿಡಿ. ಅರ್ಧ ಗಂಟೆಯ ನಂತರ ಎರಡರ ಕೆಳಗೂ ಅಂಗೈಯ ಹಿಂಭಾಗವನ್ನು ಮುಟ್ಟಿಸದೆ ಹಿಡಿಯಿರಿ. ವ್ಯತ್ಯಾಸವೇನು? ಶಾಲೆಯ ಪ್ರಯೋಗದ ಥರ್ಮಾಮೀಟರಿನಿಂದಲೂ ಅಳೆಯಿರಿ. ಜ್ವರ ನೋಡುವ ಥರ್ಮಾಮೀಟರ್ ಬೇಡ, ಅದರ ಅಳತೆ 42 ಡಿಗ್ರಿಗೇ ಮುಗಿಯುತ್ತದೆ. ತಗಡಿನ ಅಂಚು ಹರಿತವಾಗಿರುತ್ತದೆ, ದೊಡ್ಡವರ ನೆರವು ಪಡೆಯಿರಿ.

ಕೊನೆಗೆ ಯಾವುದನ್ನು ಆರಿಸಬೇಕು? ಮಳೆಗೂ ಬೇಕಾದರೆ ಎತ್ತರದ ತಗಡು, ಅದರ ಕೆಳಗೆ ತಟ್ಟಿ. ಬೇಸಿಗೆಗೆ ಮಾತ್ರವಾದರೆ ಕಣಿಕೆ ಅಥವಾ ಬಳ್ಳಿಯ ಹಂದರ. ಯಾವುದೇ ಆದರೂ ಪಶ್ಚಿಮಕ್ಕೊಂದು ತಟ್ಟಿ ಇರಲಿ. ಈ ಮಳೆಗಾಲದಲ್ಲೇ ಹಿತ್ತಲಿನ ಪಶ್ಚಿಮದ ಅಂಚಿನಲ್ಲಿ ಒಂದು ಬೇವಿನ ಸಸಿ ನೆಡಿ. ಅದು ಬೆಳೆದಾಗ ಅದರ ನೆರಳು ಸಂಜೆ ಎಲ್ಲಿ ಬೀಳಬಹುದು? ಚಿತ್ರ ಬರೆದು ನಿಮ್ಮ ಶಿಕ್ಷಕರಿಗೆ ತೋರಿಸಿ.